ನಾಲ್ಕನೆಯದಾಗಿ ಬಂದ ಕುದುರೆ ಯಾವುದು ಸಾರ್?

ಕಳೆದ ತಿಂಗಳು ಒಬ್ಬ ಮಾಲೀಕರು ತಮ್ಮ ಕುದುರೆ ಗೆದ್ದ ಫೋಟೋ ಕಳಿಸಿದರು. ರಾತ್ರಿ ಹತ್ತೂವರೆ. ಫೋಟೋದ ಹಿಂದೆಯೇ ಫೋನ್ ಬಂತು.

"ನೋಡಿದ್ರಾ ಸಾರ್? ಏಳು ಲೆಂತ್! ಫೋಟೋದಲ್ಲಿ ಬೇರೆ ಕುದುರೆನೇ ಇಲ್ಲ!"

ನಿಜ, ಇರಲಿಲ್ಲ. ಲೆಂತ್ ಅಂದರೆ ಒಂದು ಕುದುರೆಯ ಮೈ ಉದ್ದ, ಅಂಥ ಏಳು ಉದ್ದದಷ್ಟು ಮುಂದೆ ಬಂದು ಗೆದ್ದಿತ್ತು. ವಿನ್ನಿಂಗ್ ಪೋಸ್ಟ್, ಅವರ ಕುದುರೆ, ಒದ್ದೆ ಹುಲ್ಲು, ಅಷ್ಟೇ. ಅವರ ಹೆಮ್ಮೆ ಅದು. ನನ್ನ ತಲೆನೋವೂ ಅದೇ. ಒಂದು ಗೆಲುವಿಗೆ ಬೆಲೆ ಕಟ್ಟುವಾಗ ನಾನು ನೋಡುವುದೇ ಫೋಟೋದಲ್ಲಿ ಇಲ್ಲದ ಕುದುರೆಗಳನ್ನು.

"ನಾಲ್ಕನೆಯದಾಗಿ ಬಂದ ಕುದುರೆ ಯಾವುದು ಸಾರ್?" ಅಂತ ಕೇಳಿದೆ. ಅವರಿಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರುವುದಿಲ್ಲ ಬಿಡಿ.

ರೇಸ್ ಕುದುರೆ ಕೊಳ್ಳುವವರಿಗೆ, ಮಾರುವವರಿಗೆ ಸಲಹೆ ಕೊಡುವುದು ನನ್ನ ಕೆಲಸ. ಇಪ್ಪತ್ತು ವರ್ಷ ದಾಟಿತು. ಬೆಂಗಳೂರಿನ ರೇಸ್ ಕೋರ್ಸ್ ರಸ್ತೆಗೆ 2023ರಲ್ಲಿ ಅಂಬರೀಶ್ ಹೆಸರಿಟ್ಟರೂ ಆಟೋದವರು ಇನ್ನೂ ಹಳೇ ಹೆಸರನ್ನೇ ಹೇಳುತ್ತಾರೆ. ನನ್ನ ಗಿರಾಕಿಗಳೂ ಹಾಗೆಯೇ. ದೊಡ್ಡ ಗೆಲುವಾದ ಕೂಡಲೇ ಬಾಯಿಗೆ ಬರುವ ಮಾತು ಒಂದೇ: ಎಷ್ಟು ಲೆಂತ್?

ಸ್ವಲ್ಪ ಲೆಕ್ಕ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಒಂದು ಲೆಂತ್ ಅಂದರೆ ಹೆಚ್ಚುಕಮ್ಮಿ 2.4 ಮೀಟರ್. ಒಂದು ಸೆಕೆಂಡಿಗೆ ಸುಮಾರು 6 ಲೆಂತ್ ಅಂತ ಇಟ್ಟುಕೊಳ್ಳಿ. ಹಾಗಾಗಿ ಏಳು ಲೆಂತ್ ಎಂದರೆ ಒಂದು ಸೆಕೆಂಡಿಗಿಂತ ಚೂರು ಜಾಸ್ತಿ. 1400 ಮೀಟರ್ ಓಟದಲ್ಲಿ ಒಂದು ಲೆಂತ್‌ಗೆ ಕುದುರೆ ಬೆನ್ನ ಮೇಲಿನ ಅಂದಾಜು 1 ಕಿಲೋ ತೂಕ ಸಮ. ಇದು ದೂರಕ್ಕೆ ತಕ್ಕಂತೆ ಬದಲಾಗುತ್ತದೆ, ದೂರ ಹೆಚ್ಚಿದಷ್ಟೂ ಒಂದು ಲೆಂತ್‌ನ ಬೆಲೆ ಇಳಿಯುತ್ತದೆ. ರೇಟಿಂಗ್ ಅಂದರೆ ಕುದುರೆಯ ಸಾಮರ್ಥ್ಯಕ್ಕೆ ಕೊಡುವ ಅಂಕ, ನಮ್ಮಲ್ಲಿ ಅದರ ಒಂದು ಪಾಯಿಂಟ್ ಅಂದರೆ ಅರ್ಧ ಕಿಲೋ. ಅಲ್ಲಿಗೆ ಏಳು ಲೆಂತ್‌ಗೆ 7 ಕಿಲೋ, 14 ಪಾಯಿಂಟ್.

ಇಲ್ಲಿಯವರೆಗೆ ಎಲ್ಲರೂ ತಲೆ ಆಡಿಸುತ್ತಾರೆ. ಜಾರುವುದು ಮುಂದಿನ ಮೆಟ್ಟಿಲಲ್ಲಿ.

14 ಪಾಯಿಂಟ್ ಸರಿ, ಅದನ್ನು ಯಾವುದಕ್ಕೆ ಕೂಡಿಸುತ್ತೀರಿ? ಎಲ್ಲ ಕುದುರೆಗಳೂ 56 ಕಿಲೋ ಹೊತ್ತು ಓಡಿದವು ಅಂತಿಟ್ಟುಕೊಳ್ಳಿ. ಎರಡನೆಯದಾಗಿ ಬಂದ ಕುದುರೆಯ ರೇಟಿಂಗ್ 50. ಅದು ಆ ದಿನ ತನ್ನ 50ಕ್ಕೆ ತಕ್ಕಂತೆ ಓಡಿದ್ದರೆ ನಿಮ್ಮದು 64ರ ಕುದುರೆ. ಅದಕ್ಕೆ ಕೆಸರು ಒಗ್ಗಲಿಲ್ಲ, ಗೇಟಿನಲ್ಲಿ ತಡವಾಯಿತು, ಬೆಂಡ್‌ನಲ್ಲಿ ದಾರಿ ಸಿಗಲಿಲ್ಲ, ಬರೀ 38ರ ಮಟ್ಟದಲ್ಲಿ ಓಡಿತು ಅನ್ನಿ. ಆಗ ನಿಮ್ಮದು 52. ಅದೇ ಏಳು ಲೆಂತ್, ಅದೇ ಫೋಟೋ. 64ರ ಕುದುರೆಗೂ 52ರದ್ದಕ್ಕೂ ಇರುವ ಅಂತರ 12 ಪಾಯಿಂಟ್, ತೂಕದಲ್ಲಿ 6 ಕಿಲೋ.

ಇನ್ನೊಂದು ಥರ ಹೇಳುತ್ತೇನೆ, ಬೆಂಗಳೂರಿನವರಿಗೆ ಬೇಗ ಹತ್ತುತ್ತದೆ. ಸೈಟ್ ಅಳೆಯಲು ಸರ್ವೆಯವರು ಬಂದರೆ ಮೊದಲು ಏನು ಹುಡುಕುತ್ತಾರೆ? ಬಾಂದು ಕಲ್ಲು. ಸರಪಳಿ ಎಷ್ಟು ಉದ್ದ ಇದ್ದರೇನು, ಯಾವ ಕಲ್ಲಿನಿಂದ ಎಳೆದರು ಅನ್ನುವುದು ಮುಖ್ಯ ಅಲ್ವಾ? ಏಳು ಲೆಂತ್ ಬರೀ ಸರಪಳಿ. ನಾನು ಕೇಳುತ್ತಿರುವುದು ಕಲ್ಲು ಎಲ್ಲಿದೆ ಅಂತ.

ನಾಲ್ಕನೆಯ ಕುದುರೆಯೇ ಆಗಬೇಕು ಅಂತೇನಿಲ್ಲ. ಮೂರನೆಯದಾದರೂ ಆದೀತು, ಐದನೆಯದಾದರೂ ಆದೀತು. ನನಗೆ ಬೇಕಾಗಿರುವುದು ಇಪ್ಪತ್ತು ಮೂವತ್ತು ಸಲ ಓಡಿ, ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿ ನಿಂತುಬಿಟ್ಟಿರುವ ಹಳೇ ಕುದುರೆ. ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಟ್ರೈನರ್‌ಗೆ ಬೇಸರ, ಮಾಲೀಕರು ಮಾರೋಣ ಅಂತ ಕಾಯುತ್ತಿರುತ್ತಾರೆ. ನನಗೆ ಮಾತ್ರ ಅಂಥ ಕುದುರೆ ಚಿನ್ನ. ಎರಡನೆಯದಾಗಿ ಬಂದದ್ದು ಎರಡೇ ಓಟದ ಎಳೆಯ ಕುದುರೆಯಾದರೆ ಅದರ ಮೇಲೆ ಭಾರ ಹಾಕಲು ನನಗೆ ಧೈರ್ಯ ಬರುವುದಿಲ್ಲ. ಹಾಳೂರಿಗೆ ಉಳಿದವನೇ ಗೌಡ ಅಂತಾರಲ್ಲ, ಆ ಊರು ಹಾಳೂರೋ ಅಲ್ಲವೋ ಅಂತ ಹೇಳುವುದು ಈ ಹಳೇ ಕುದುರೆ.

ಕೊನೆಯ 200 ಮೀಟರ್‌ನಲ್ಲಿ ಇನ್ನೊಂದು ಆಗುತ್ತದೆ. ಮುಂದಿನ ಕುದುರೆ ಕೈಗೆ ಸಿಗುವುದಿಲ್ಲ ಅಂತ ಗೊತ್ತಾದ ಮೇಲೆ, ಬಹುಮಾನದ ಜಾಗವೂ ತಪ್ಪಿದ್ದರೆ, ಸುಸ್ತಾದ ಕುದುರೆಯನ್ನು ಒಳ್ಳೆಯ ಜಾಕಿ ಸುಮ್ನೆ ಹೊಡೆಯುವುದಿಲ್ಲ. ಹೊಡೆಯಲೂ ಬಾರದು. ಅಂತರ ತಾನಾಗಿ ಹಿಗ್ಗುತ್ತದೆ. ಮಳೆ ಬಿದ್ದ ಟ್ರ್ಯಾಕ್‌ನಲ್ಲಿ ಇದು ಇನ್ನೂ ಜಾಸ್ತಿ. ನಮ್ಮ ಬೇಸಿಗೆ ಸೀಸನ್ ಅನ್ನುವುದು ಹೆಸರಿಗೆ ಬೇಸಿಗೆ, ಜೂನ್ ಜುಲೈನಲ್ಲಿ ಜಿಟಿಜಿಟಿ ಮಳೆ. ರೇಸ್ ದಿನ ಪೆನೆಟ್ರೋಮೀಟರ್ ರೀಡಿಂಗ್ ಪ್ರಕಟಿಸುತ್ತಾರೆ, ನೆಲ ಎಷ್ಟು ಮೆತ್ತಗಿದೆ ಅಂತ ಅದರಲ್ಲಿ ಗೊತ್ತಾಗುತ್ತದೆ. ಮಾಲೀಕರು ಅದನ್ನು ಓದಿದ್ದನ್ನು ನಾನಂತೂ ಕಂಡಿಲ್ಲ.

ಫ್ರಾಂಕೆಲ್ ಅಂತ ಇಂಗ್ಲೆಂಡಿನ ಕುದುರೆ. 14 ಓಟ, 14 ಗೆಲುವು. 2011ರ ಜೂನ್‌ನಲ್ಲಿ ಆಸ್ಕಟ್‌ನಲ್ಲಿ ಸೇಂಟ್ ಜೇಮ್ಸಸ್ ಪ್ಯಾಲೆಸ್ ಸ್ಟೇಕ್ಸ್ ಗೆದ್ದದ್ದು ಬರೀ ಮುಕ್ಕಾಲು ಲೆಂತ್‌ನಿಂದ. ಮರುವರ್ಷ ಅದೇ ಆಸ್ಕಟ್, ಅದೇ ಒಂದು ಮೈಲಿ, ಕ್ವೀನ್ ಆನ್ ಸ್ಟೇಕ್ಸ್. ಈ ಸಲ 11 ಲೆಂತ್. ಲೆಂತ್ ಎಣಿಸುವವರ ಲೆಕ್ಕದಲ್ಲಿ ಇವು ಎರಡು ಬೇರೆ ಕುದುರೆಗಳಾಗಬೇಕು! ಮೊದಲನೆಯದರಲ್ಲಿ ಜಾಕಿ ತೀರಾ ಮುಂಚೆ ಓಡಿಸಿಬಿಟ್ಟಿದ್ದ, ಕೊನೆಯಲ್ಲಿ ಕುದುರೆ ದಣಿದಿತ್ತು. ಎರಡನೆಯದರಲ್ಲಿ ಹಿಂದೆ ಬಂದದ್ದು ಎಕ್ಸೆಲೆಬ್ರೇಷನ್. ಆ ಬಡಪಾಯಿ ಫ್ರಾಂಕೆಲ್ ಎದುರು ಐದು ಸಲ ಸೋತಿದೆ. 11 ಲೆಂತ್ ಸೋತ ಮೇಲೆ ಅದೇ ವರ್ಷ ಅದು ಫ್ರಾನ್ಸ್‌ನಲ್ಲಿ ಒಂದು, ಆಸ್ಕಟ್‌ನಲ್ಲಿ ಒಂದು, ಹೀಗೆ ಎರಡು ಗ್ರೂಪ್ 1, ಅಂದರೆ ಅತಿ ಮೇಲ್ದರ್ಜೆಯ, ರೇಸ್ ಗೆದ್ದಿತು. ಆ 11 ಲೆಂತ್‌ಗೆ ತೂಕ ಬಂದದ್ದು ಆಗ. ಸೋತ ಕುದುರೆ ಬಂದು ಸಾಕ್ಷಿ ಹೇಳಿತು.

"ಹಾಗಾದ್ರೆ ಸೆಕ್ರೆಟೇರಿಯಟ್?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಅಮೆರಿಕದ ಕುದುರೆ, 1973ರ ಬೆಲ್ಮಾಂಟ್ ರೇಸ್, ಗೆದ್ದದ್ದು 31 ಲೆಂತ್‌ನಿಂದ. ಓಡಿದ್ದು ಐದೇ ಕುದುರೆ. ಅವುಗಳಲ್ಲಿ ಸರಿಜೋಡಿ ಅನ್ನಿಸಿದ್ದು ಶಾಮ್ ಒಂದೇ. ಮೊದಲರ್ಧ ಸೆಕ್ರೆಟೇರಿಯಟ್ ಜೊತೆ ಹಟಕ್ಕೆ ಬಿದ್ದು ಓಡಿದ ಶಾಮ್ ಕೊನೆಯದಾಗಿ ಬಂತು. ನಾನು ಆ 31ಕ್ಕೆ ಅಷ್ಟು ಬೆಲೆ ಕೊಡುವುದಿಲ್ಲ. ನಾನು ಕೈಮುಗಿಯುವುದು 2 ನಿಮಿಷ 24 ಸೆಕೆಂಡಿಗೆ. ಮಣ್ಣಿನ ಟ್ರ್ಯಾಕ್‌ನಲ್ಲಿ ಒಂದೂವರೆ ಮೈಲಿಗೆ ಆ ದಾಖಲೆ ಇವತ್ತಿಗೂ ಮುರಿದಿಲ್ಲ.

ಇಷ್ಟು ಹೇಳಿದ ತಕ್ಷಣ ಗಿರಾಕಿಗಳು ಗಡಿಯಾರದ ಕಡೆ ತಿರುಗುತ್ತಾರೆ. ಟೈಮಿಂಗ್ ಚೆನ್ನಾಗಿತ್ತು ಸಾರ್ ಅಂತಾರೆ. 2020ರ ಫೆಬ್ರವರಿ ನೆನಪಿದೆಯಾ? ದಕ್ಷಿಣ ಕನ್ನಡದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಭಾಗಿಸಿ 100 ಮೀಟರ್‌ಗೆ 9.55 ಅಂದರು. ಉಸೇನ್ ಬೋಲ್ಟ್‌ಗಿಂತ ವೇಗ ಅಂತ ದೇಶವೇ ಕುಣಿಯಿತು. ಎಳೆಯಲು ಮುಂದೆ ಕೋಣಗಳಿದ್ದವು, ಕೆಸರಿನ ಗದ್ದೆ ಬೇರೆ. ಆ ಹೋಲಿಕೆ ಬೇಡ ಅಂತ ವಿವೇಕದಿಂದ ಹೇಳಿದವರು ಓಡಿದ ಗೌಡರೇ. ರೇಸ್‌ನಲ್ಲೂ ಅಷ್ಟೇ, ಅದೇ ದಿನ ಅದೇ ದೂರದ ಇನ್ನೊಂದು ಓಟ ಪಕ್ಕಕ್ಕಿಟ್ಟುಕೊಳ್ಳದೆ ಟೈಮಿಂಗ್ ನೋಡಿ ಉಪಯೋಗವಿಲ್ಲ.

ನಾನೂ ಬಿದ್ದಿದ್ದೇನೆ. ಹೊಸದರಲ್ಲಿ, ಮಳೆಯ ದಿನ ಎಂಟು ಲೆಂತ್‌ನಿಂದ ಗೆದ್ದ ಫಿಲ್ಲಿ, ಅಂದರೆ ಎಳೆಯ ಹೆಣ್ಣು ಕುದುರೆ, ನೋಡಿ, "ಇದು ಡರ್ಬಿ ಕುದುರೆ" ಅಂದುಬಿಟ್ಟೆ. ನನ್ನ ಮಾತು ನಂಬಿ ಮಾಲೀಕರು ಅದರ ತಮ್ಮನನ್ನೂ ದುಪ್ಪಟ್ಟು ದುಡ್ಡು ಕೊಟ್ಟು ತಂದರು. ಫಿಲ್ಲಿ ಮುಂದಿನ ಓಟದಲ್ಲಿ ಒಣ ನೆಲದ ಮೇಲೆ ಏಳನೆಯದು. ತಮ್ಮ ಓಡಲೇ ಇಲ್ಲ, ಕಾಲು. ಆ ಮಾಲೀಕರು ಈಗಲೂ ಮಲ್ಲೇಶ್ವರದಲ್ಲಿ ಕಾಫಿಗೆ ಸಿಗುತ್ತಾರೆ. ಬಿಲ್ ಬಂದಾಗ "ಡರ್ಬಿ ಸಾಹೇಬ್ರು ಕೊಡ್ತಾರೆ" ಅಂತ ನನ್ನ ಕಡೆ ತಳ್ಳುತ್ತಾರೆ. ಕೊಡುತ್ತೇನೆ.

ಆ ಫಿಲ್ಲಿಯನ್ನು ನೋಡಿಕೊಳ್ಳುತ್ತಿದ್ದ ಸೈಸ್‌ಗೆ ಮಾತ್ರ ಮೊದಲೇ ಅನುಮಾನ ಬಂದಿತ್ತು. ಗೆದ್ದ ರಾತ್ರಿ ಓಟ್ಸ್ ಅರ್ಧ ಹಾಗೇ ಬಿಟ್ಟಿತ್ತಂತೆ, ಮಾರನೆಯ ದಿನವೂ ಅಷ್ಟೇ. ಮೈಯಲ್ಲಿದ್ದ ಶಕ್ತಿಯೆಲ್ಲ ಆ ಒಂದು ಓಟಕ್ಕೇ ಸುರಿದಿತ್ತು ಅನ್ನಿಸುತ್ತದೆ. ಅವನನ್ನು ಯಾರೂ ಕೇಳಿರಲಿಲ್ಲ. ಈಗ ನಾನು ಲೆಕ್ಕ ಹಾಕುವ ಮೊದಲು ಲಾಯಕ್ಕೆ ಹೋಗಿ ಮೇವು ಖಾಲಿಯಾಯಿತಾ ಅಂತ ವಿಚಾರಿಸುತ್ತೇನೆ. ಅದೇ ಕೊನೆಯ ಮಾತು ಅಂತಲ್ಲ, ಸೋತು ಬಂದೂ ಚೆನ್ನಾಗಿ ತಿನ್ನುವ ಕುದುರೆಗಳಿವೆ.

ಬೆಲೆ ಕಟ್ಟಲು ನನಗೆ ಬೇಕಾಗಿರುವುದು ಕಾಯುವ ವ್ಯವಧಾನ. ಸೋತ ಕುದುರೆಗಳು ಮತ್ತೆ ಓಡಬೇಕು, ಮೂರು ನಾಲ್ಕು ವಾರ ಹಿಡಿಯಬಹುದು. ಡ್ಯಾನ್ಸಿಂಗ್ ಬ್ರೇವ್ ಅನ್ನುವ ಕುದುರೆಗೆ 1986ರಲ್ಲಿ ಕೊಟ್ಟಿದ್ದ 141 ರೇಟಿಂಗನ್ನು ಅಂತಾರಾಷ್ಟ್ರೀಯ ಹ್ಯಾಂಡಿಕ್ಯಾಪರ್‌ಗಳು, ಅಂದರೆ ರೇಟಿಂಗ್ ಕೊಡುವವರು, 2013ರಲ್ಲಿ 138ಕ್ಕೆ ಇಳಿಸಿದರು. ಅವರಿಗೆ ಇಪ್ಪತ್ತಾರು ವರ್ಷ ಬೇಕಾಯಿತು. ನಮ್ಮವರಿಗೆ ಭಾನುವಾರ ಸಂಜೆಯೊಳಗೆ ಉತ್ತರ ಬೇಕು!

ಏಳು ಲೆಂತ್‌ನ ಮಾಲೀಕರನ್ನು ಹೇಗೋ ಒಪ್ಪಿಸಿ ಮೂರು ವಾರ ಕೂರಿಸಿದೆ. ಎರಡನೆಯದಾಗಿ ಬಂದಿದ್ದ ಕುದುರೆ ಮತ್ತೆ ಓಡಿ ಆರನೆಯದಾಯಿತು. ನಾಲ್ಕನೆಯದಾಗಿ ಬಂದಿದ್ದ ಹಳೇ ಕುದುರೆ ಮೊನ್ನೆ ಶನಿವಾರ ಓಡಿತು. ಮಾಲೀಕರು ಸ್ಟ್ಯಾಂಡ್‌ನಲ್ಲಿ ನನ್ನ ಪಕ್ಕ ನಿಂತು, ತಮ್ಮದಲ್ಲದ, ಒಂದು ರೂಪಾಯಿಯೂ ಕಟ್ಟಿರದ ಆ ಕುದುರೆಗೆ ಗಂಟಲು ಹರಿಯುವಂತೆ ಕೂಗಿದರು. ಅರ್ಧ ಲೆಂತ್‌ನಿಂದ ಎರಡನೆಯದು.

"ಅಂದ್ರೆ ನಮ್ದು 64ಆ, 52ಆ ಸಾರ್?"

ಇನ್ನೂ ಮೂರನೆಯದು ಓಡಬೇಕು ಅಂದೆ. ಅವರು ನನ್ನನ್ನೇ ನೋಡಿದರು. ಆಮೇಲೆ ರೇಸ್ ಬುಕ್ ತೆಗೆದು, ಅದು ಯಾವತ್ತು ಓಡುತ್ತದೆ ಅಂತ ಹುಡುಕತೊಡಗಿದರು.