ಆರೈಕೆಯ ಓಡಾಟ: ‘ಇತರೆ’ ಎಂಬ ಚೌಕದಲ್ಲಿ ಅಡಗಿರುವುದು

ಕಾಲೇಜಿನಲ್ಲಿ ನಗರ ಸಾರಿಗೆಯ ಬಗ್ಗೆ ಪ್ರಾಜೆಕ್ಟ್ ಮಾಡುತ್ತಿದ್ದಾಗ ಸಮೀಕ್ಷೆಯ ಪ್ರಶ್ನೆಗಳನ್ನು ಮೊದಲು ಅಮ್ಮನಿಗೆ ಕೇಳಿ ನೋಡಿದೆ. ‘ನಿನ್ನೆ ಎಲ್ಲೆಲ್ಲಿಗೆ ಹೋಗಿದ್ದೆ?’ ಎಂದರೆ, ‘ನಾನೆಲ್ಲಿಗೆ ಹೋಗಲಿ? ಮನೆಯಲ್ಲೇ ಇದ್ದೆ’ ಎಂದಳು. ಬಿಡಿಸಿ ಬಿಡಿಸಿ ಕೇಳಿದ ಮೇಲೆ ಒಂದೊಂದೇ ಹೊರಬಂತು. ಬೆಳಿಗ್ಗೆ ಅಕ್ಕನ ಮಗಳನ್ನು ಶಾಲೆಗೆ ಬಿಟ್ಟಿದ್ದಳು. ಬರುವಾಗ ಗಾಂಧಿ ಬಜಾರಿನಲ್ಲಿ ತರಕಾರಿ ಕೊಂಡಿದ್ದಳು. ಅಜ್ಜಿಯನ್ನು ಬಸ್ಸಿನಲ್ಲಿ ಮಿಂಟೋ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋಗಿ ಬಂದಿದ್ದಳು. ಮಧ್ಯಾಹ್ನ ಮತ್ತೆ ಶಾಲೆ, ಸಂಜೆ ಔಷಧಿ ಅಂಗಡಿ. ನನ್ನ ನಮೂನೆಯಲ್ಲಿ ಪಯಣದ ಉದ್ದೇಶಕ್ಕೆ ನಾಲ್ಕೇ ಚೌಕಗಳಿದ್ದವು: ಕೆಲಸ, ಶಿಕ್ಷಣ, ಖರೀದಿ, ಇತರೆ. ಅಮ್ಮನ ದಿನದ ಬಹುಪಾಲು ‘ಇತರೆ’ಯ ಪಾಲಾಯಿತು.

ಈ ‘ಇತರೆ’ಗೆ ಹೆಸರಿಟ್ಟವರು ಸ್ಪೇನಿನ ನಗರ ಯೋಜನಾ ತಜ್ಞೆ ಇನೆಸ್ ಸಾಂಚೆಝ್ ದೆ ಮದರಿಯಾಗ. ಮಕ್ಕಳು, ವೃದ್ಧರು, ರೋಗಿಗಳು ಮತ್ತು ಮನೆಯ ಅಗತ್ಯಗಳಿಗಾಗಿ ಮಾಡುವ ಪಯಣಗಳನ್ನೆಲ್ಲ ಒಟ್ಟುಗೂಡಿಸಿ ಅವರು ‘ಮೊಬಿಲಿಟಿ ಆಫ್ ಕೇರ್’ ಎಂದು ಕರೆದರು. ಚದುರಿಹೋಗಿದ್ದ ಈ ಪಯಣಗಳನ್ನು ಒಂದೇ ಕಡೆ ಸೇರಿಸಿ ಎಣಿಸಿದಾಗ, ಅವು ಉದ್ಯೋಗದ ಪಯಣಗಳಿಗೆ ಹತ್ತಿರ ಹತ್ತಿರ ಸಮನಾಗಿ ನಿಂತವು.

ಕನ್ನಡದಲ್ಲಿ ಇದನ್ನು ‘ಆರೈಕೆಯ ಓಡಾಟ’ ಎನ್ನಲು ನನಗಿಷ್ಟ. ‘ಚಲನಶೀಲತೆ’ ಪುಸ್ತಕದ ಮಾತು. ‘ಸಂಚಾರ’ ಎಂದೊಡನೆ ಬೆಂಗಳೂರಿಗರ ಕಣ್ಣ ಮುಂದೆ ಬರುವುದು ಸಿಗ್ನಲ್ ಮತ್ತು ಪೊಲೀಸರು. ‘ಓಡಾಟ’ ಹಾಗಲ್ಲ. ‘ಮಗಳ ಮದುವೆಗೆ ತುಂಬಾ ಓಡಾಡಿದರು’, ‘ಆಸ್ಪತ್ರೆಗೆ ಓಡಾಡಿ ಸಾಕಾಯಿತು’ ಎನ್ನುತ್ತೇವಲ್ಲ, ಅಲ್ಲಿ ದೂರದ ಜೊತೆಗೆ ದಣಿವೂ ಇದೆ, ಇನ್ನೊಬ್ಬರ ಸಲುವಾಗಿ ಪಟ್ಟ ಪಾಡೂ ಇದೆ. ಸ್ಪೇನಿನ ವಿದ್ವಾಂಸೆ ಎರಡು ಪದ ಜೋಡಿಸಿ ಹೇಳಿದ್ದರ ಅರ್ಧವನ್ನು ನಮ್ಮ ಒಂದು ಪದ ಆಗಲೇ ಹೊತ್ತುಕೊಂಡಿದೆ.

ಲೆಕ್ಕಕ್ಕೆ ಬಾರದ್ದು ಯೋಜನೆಗೂ ಬರುವುದಿಲ್ಲ. 2011ರ ಜನಗಣತಿಯಲ್ಲಿ ‘ಕೆಲಸದ ಸ್ಥಳ ಎಷ್ಟು ದೂರ, ಹೇಗೆ ಹೋಗುತ್ತೀರಿ’ ಎಂಬ ಪ್ರಶ್ನೆ ಇತ್ತು. ಅದು ದುಡಿಮೆಗೆ ಹೋಗುವವರಿಗೆ, ಅದರಲ್ಲೂ ಬೇಸಾಯ ಮತ್ತು ಗೃಹ ಕೈಗಾರಿಕೆಯವರನ್ನು ಬಿಟ್ಟು ಉಳಿದವರಿಗೆ ಮಾತ್ರ. ಆಸ್ಪತ್ರೆಗೋ ಶಾಲೆಗೋ ಯಾರನ್ನಾದರೂ ಕರೆದುಕೊಂಡು ಹೋದವರಿಗೆ ಅಲ್ಲಿ ಜಾಗವಿರಲಿಲ್ಲ. ಆದರೆ 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆ ನೋಡಿ: ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೇ ಕೊಡುತ್ತಾರೆ, ಗಂಡಸರು 97 ನಿಮಿಷ. ಆ ಕೆಲಸದ ಒಂದು ಪಾಲು ಬೀದಿಯಲ್ಲೇ ನಡೆಯುತ್ತದೆ.

ಕಚೇರಿಯ ಪಯಣ ಬೆಳಿಗ್ಗೆ ಹೋಗಿ ಸಂಜೆ ಬರುವ ನೇರ ಗೆರೆ. ಆರೈಕೆಯ ಓಡಾಟ ಸರಪಳಿ: ಚಿಕ್ಕ ಚಿಕ್ಕ ದೂರ, ನಡುನಡುವೆ ನಿಲುಗಡೆ, ಬಹುಪಾಲು ನಡಿಗೆ, ನಡುಹಗಲಿನ ಹೊತ್ತು. ಕೈಯಲ್ಲಿ ಚೀಲವಿರುತ್ತದೆ, ಪಕ್ಕದಲ್ಲಿ ಇನ್ನೊಂದು ಜೀವವಿರುತ್ತದೆ. ಮೆಜೆಸ್ಟಿಕ್, ಮಾರ್ಕೆಟ್, ಶಿವಾಜಿನಗರದ ಕಡೆಗೆ ಬಸ್ಸುಗಳು ಹೊರಡುತ್ತಲೇ ಇರುತ್ತವೆ; ಬಡಾವಣೆಯಿಂದ ಬಡಾವಣೆಗೆ ಹೋಗುವವು ಕಡಿಮೆ. ಪಕ್ಕದ ಬಡಾವಣೆಯ ಚಿಕಿತ್ಸಾಲಯಕ್ಕೆ ಹೋಗಬೇಕೆಂದರೆ ಆಟೋ ಹಿಡಿಯಬೇಕಾಗುವುದು ಅದಕ್ಕೇ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಾಗ ಐಷಾರಾಮಿ ಬಸ್ಸುಗಳನ್ನು ಬಿಟ್ಟು ಉಳಿದ ಸರ್ಕಾರಿ ಬಸ್ಸುಗಳಲ್ಲಿ ರಾಜ್ಯದ ಹೆಂಗಸರ ಪಯಣ ಉಚಿತವಾಯಿತು. ದಿನಕ್ಕೆ ನಾಲ್ಕೈದು ಬಾರಿ ಹತ್ತಿಳಿಯುವವರಿಗೆ ಇದು ದೊಡ್ಡ ಉಪಕಾರ, ಏಕೆಂದರೆ ಪಾಸ್ ಇಲ್ಲದಿದ್ದರೆ ಸರಪಳಿಯ ಪ್ರತಿ ಕೊಂಡಿಗೂ ಬೇರೆ ಟಿಕೆಟ್ ಕೊಳ್ಳಬೇಕಿತ್ತು. ಮೊಮ್ಮಗುವನ್ನು ಕರೆದೊಯ್ಯುವ ತಾತನಿಗೆ ಮಾತ್ರ ಈ ಅನುಕೂಲವಿಲ್ಲ. ಆರೈಕೆ ಮಾಡುವವರನ್ನೇ ನೆನೆದು ರೂಪಿಸಿದ ರಿಯಾಯಿತಿ ಹೇಗಿರಬಹುದು ಎಂದು ಯೋಚಿಸುವುದಕ್ಕೆ ಅವನೂ ಒಂದು ಕಾರಣ.

ಸುರಕ್ಷತೆಯ ಅರ್ಥವೂ ಇಲ್ಲಿ ಬದಲಾಗುತ್ತದೆ. ಒಬ್ಬಂಟಿ ಯುವಕನಿಗೆ ಮುರಿದ ಚಪ್ಪಡಿ ಒಂದು ನೆಗೆತ, ಅಷ್ಟೇ. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಅಜ್ಜಿಯ ಕೈ ಇದ್ದರೆ ಅದೇ ಚಪ್ಪಡಿ ಮೂವರನ್ನೂ ರಸ್ತೆಗಿಳಿಸುತ್ತದೆ. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಪಾದಚಾರಿ ಮಾರ್ಗಸೂಚಿ, ಕಾಲುದಾರಿ ಅಡೆತಡೆಯಿಲ್ಲದೆ ಕನಿಷ್ಠ 1.8 ಮೀಟರ್ ಅಗಲವಿರಬೇಕು, ಅದರ ಅಂಚು ರಸ್ತೆಯಿಂದ 150 ಮಿಲಿಮೀಟರ್‌ಗಿಂತ ಎತ್ತರವಿರಬಾರದು ಎನ್ನುತ್ತದೆ. ಇದನ್ನು ಪರೀಕ್ಷಿಸಲು ಪ್ರಯೋಗಾಲಯ ಬೇಡ. ಒಂದು ಅಳತೆ ಟೇಪು ಹಿಡಿದು ಶಾಲೆಯಿಂದ ಬಸ್ ನಿಲ್ದಾಣದವರೆಗೆ ನಡೆದರೆ ಸಾಕು. ಯಾವ ಪದವಿ ವಿದ್ಯಾರ್ಥಿಯೂ ಒಂದು ಶನಿವಾರ ಮಾಡಬಹುದಾದ ಸಂಶೋಧನೆ ಇದು.

ನಮ್ಮ ನಮೂನೆಯನ್ನು ಆಮೇಲೆ ತಿದ್ದಿದೆವು. ‘ಏಕೆ ಹೋದಿರಿ’ ಎನ್ನುವ ಬದಲು ‘ಯಾರಿಗಾಗಿ ಹೋದಿರಿ’, ‘ಜೊತೆಗೆ ಯಾರಿದ್ದರು’, ‘ಕೈಯಲ್ಲಿ ಏನಿತ್ತು’, ‘ದಾರಿಯಲ್ಲಿ ಎಲ್ಲೆಲ್ಲಿ ನಿಂತಿರಿ’ ಎಂದು ಬರೆದೆವು. ಹಳೆಯ ನಮೂನೆ ಎಷ್ಟನ್ನು ಬಿಟ್ಟುಬಿಟ್ಟಿತ್ತು ಎಂಬುದೂ ಆಗ ಕಂಡಿತು. ಮಗು ಶಾಲೆಗೆ ಹೋಗಿ ಬರುವುದು ದಿನಕ್ಕೆ ಎರಡು ಪಯಣ. ಬಿಡಲು ಹೋಗಿ ಬರಿಗೈಯಲ್ಲಿ ಮರಳುವ, ಕರೆತರಲು ಮತ್ತೆ ಬರಿಗೈಯಲ್ಲಿ ಹೊರಡುವ ಅಮ್ಮನಿಗೆ ಅದು ನಾಲ್ಕು. ಹಳೆಯ ನಮೂನೆಯ ‘ಶಿಕ್ಷಣ’ದ ಚೌಕಕ್ಕೆ ಬಂದದ್ದು ಮಗುವಿನ ಆ ಎರಡು ಪಯಣ ಮಾತ್ರ.