ಹಿನ್ನೀರಿನಲ್ಲಿ ಮೀನು ಹಿಡಿಯಲು ಹರಿಗೋಲೋ, ಕಯಾಕೋ?

ಪ್ರಶ್ನೆ: ತುಂಗಭದ್ರಾ ಹಿನ್ನೀರಿನಲ್ಲಿ ರಜೆಯ ದಿನ ಗಾಳ ಹಾಕಲು ನಾವಿಬ್ಬರು ಸ್ನೇಹಿತರು ಹೋಗಬೇಕೆಂದಿದ್ದೇವೆ. ಹರಿಗೋಲು ಕೊಳ್ಳೋಣವೇ, ಪ್ಲಾಸ್ಟಿಕ್ ಕಯಾಕ್ ಕೊಳ್ಳೋಣವೇ? ಹರಿಗೋಲು ಮಗುಚುವುದೇ ಇಲ್ಲ ಎನ್ನುತ್ತಾರಲ್ಲ?

ಉತ್ತರ: ದಡದ ಅಂಚಿನಲ್ಲೇ, ಗಾಳಿ ಏಳುವ ಮೊದಲಿನ ಬೆಳಗಿನ ಹೊತ್ತಿನಲ್ಲಿ ಮೀನು ಹಿಡಿಯುವುದಾದರೆ ಹರಿಗೋಲು ಸಾಕು. ದಡ ಬಿಟ್ಟು ತೆರೆದ ನೀರಿಗೆ ಹೋಗುವುದಾದರೆ, ಮೇಲೆ ಕುಳಿತು ಹುಟ್ಟು ಹಾಕುವಂಥ, 10ರಿಂದ 12 ಅಡಿ ಉದ್ದದ ಕಯಾಕ್ ಕೊಳ್ಳಿ. ಇಬ್ಬರಿದ್ದರೆ ಎರಡು ಕೊಳ್ಳಿ. ಇಷ್ಟನ್ನು ನಾನು ಹಲವು ಸಲ ಬರೆದಿದ್ದೇನೆ. ಆದರೂ ಪ್ರಶ್ನೆಯ ಬಾಲದಲ್ಲಿ ಆ ಕೊನೆಯ ವಾಕ್ಯ ಮತ್ತೆ ಮತ್ತೆ ಬರುತ್ತಿರುವುದರಿಂದ, ಈ ಸಲ ಅದನ್ನೇ ಬಿಡಿಸಿ ಹೇಳುತ್ತೇನೆ.

ಹರಿಗೋಲು ಮಗುಚುವುದಿಲ್ಲ ಎಂಬ ನಂಬಿಕೆ ಹುಟ್ಟಿದ್ದು ನಿಂತ ನೀರಿನಲ್ಲಿ. ಅಗಲವಾದ ಚಪ್ಪಟೆ ತಳದ ದೋಣಿ ಒಂದು ಪಕ್ಕಕ್ಕೆ ಸ್ವಲ್ಪ ವಾಲಿದರೂ ಆ ಪಕ್ಕದ ತಳ ಹೆಚ್ಚು ನೀರನ್ನು ಒತ್ತುತ್ತದೆ, ನೀರು ಅದನ್ನು ಮೇಲಕ್ಕೆ ದೂಡುತ್ತದೆ, ದೋಣಿ ತಾನಾಗಿ ಸರಿಯಾಗುತ್ತದೆ. ಹತ್ತಿದ ಕೂಡಲೇ ಭದ್ರವೆನಿಸುವುದು ಇದರಿಂದ. ಆದರೆ ಈ ಭದ್ರತೆ ಹರಿಗೋಲಿನ ಅಂಚು ನೀರಿನ ಮೇಲಿರುವವರೆಗೆ ಮಾತ್ರ. ಇಬ್ಬರು ಕುಳಿತು, ಬಲೆಯನ್ನೂ ಮೀನನ್ನೂ ತುಂಬಿಕೊಂಡ ಹರಿಗೋಲಿನ ಅಂಚು ನೀರಿನಿಂದ ಎಷ್ಟು ಎತ್ತರದಲ್ಲಿದೆ ಎಂದು ಒಮ್ಮೆ ಗೇಣು ಹಾಕಿ ನೋಡಿ. ಅಲೆ ಬಂದಾಗ ಚಪ್ಪಟೆ ತಳ ಅಲೆಯ ಇಳಿಜಾರಿಗೆ ಅಂಟಿಕೊಂಡಂತೆ ತಾನೂ ವಾಲುತ್ತದೆ. ಅದೇ ಗಳಿಗೆಯಲ್ಲಿ ಸಿಕ್ಕಿಬಿದ್ದ ಮೀನನ್ನು ಎಳೆದುಕೊಳ್ಳಲು ಇಬ್ಬರೂ ಒಂದೇ ಕಡೆಗೆ ಬಾಗಿದರೆ, ಅಂಚು ಮುಳುಗಿ ನೀರು ಒಳಗೆ ನುಗ್ಗುತ್ತದೆ.

ಆ ನೀರಿನ ಲೆಕ್ಕ ಹಾಕಿ ನೋಡೋಣ. ಆರು ಅಡಿ ಅಗಲದ ದುಂಡು ತಳದ ಮೇಲೆ ಒಂದೇ ಅಂಗುಲ ನೀರು ನಿಂತರೂ ಅದರ ತೂಕ ಸುಮಾರು 67 ಕಿಲೋ. ಇನ್ನೊಬ್ಬ ಮನುಷ್ಯ ಹತ್ತಿದಷ್ಟೇ ಆಯಿತು. ಮನುಷ್ಯನಾದರೆ ಹೇಳಿದ ಕಡೆ ಕೂರುತ್ತಾನೆ. ನೀರು ಮಾತ್ರ ದೋಣಿ ವಾಲಿದ ಪಕ್ಕಕ್ಕೇ ಹರಿದು ಅದನ್ನು ಇನ್ನಷ್ಟು ವಾಲಿಸುತ್ತದೆ. ಮುಂದಿನ ಅಲೆಗೆ ಉಳಿದ ಕೆಲಸ ತೀರಾ ಸಣ್ಣದು. ಅಗಲ ಹೆಚ್ಚಿದಷ್ಟೂ ಭದ್ರ ಎಂದು ವಾದಿಸುವವರು ಈ ಲೆಕ್ಕವನ್ನು ದಯವಿಟ್ಟು ಎಂಟು ಅಡಿಗೂ ಮಾಡಿ ನೋಡಬೇಕು.

ಇನ್ನು ಸ್ಥಳದ ವಿಷಯ. ತುಂಬಿದಾಗ ತುಂಗಭದ್ರಾ ಜಲಾಶಯ 378 ಚದರ ಕಿಲೋಮೀಟರ್ ಹರಡಿಕೊಳ್ಳುತ್ತದೆ. ಸಾಮಾನ್ಯವಾಗಿ ಅದು ತುಂಬುವುದು ಜುಲೈ, ಆಗಸ್ಟ್ ತಿಂಗಳಲ್ಲಿ, ಅಂದರೆ ಪಶ್ಚಿಮದ ಮುಂಗಾರು ಗಾಳಿ ಜೋರಾಗಿರುವ ಕಾಲದಲ್ಲೇ. ಹಿನ್ನೀರು ಚಾಚಿರುವುದು ಪಶ್ಚಿಮಕ್ಕೆ, ಅಣೆಕಟ್ಟು ಇರುವುದು ಪೂರ್ವದ ತುದಿಯಲ್ಲಿ, ಹೊಸಪೇಟೆಯ ಬಳಿ. ಹಾಗಾಗಿ ಗಾಳಿ ನೀರಿನ ಉದ್ದಕ್ಕೂ ಓಡಿ ಬಂದು ಈ ತುದಿಯಲ್ಲಿ ಅಲೆಗಳನ್ನು ಎತ್ತರಕ್ಕೆ ಏರಿಸುತ್ತದೆ. ಮೂತಿಯಾಗಲಿ, ನೀರಿನಲ್ಲಿ ಹಿಡಿತ ಕೊಡುವ ಅಡಿಪಟ್ಟಿಯಾಗಲಿ ಇಲ್ಲದ ಹರಿಗೋಲು ಇಂಥ ಗಾಳಿಗೆ ಎದುರಾಗಿ ಸಾಗಲಾರದು. ಅದು ಮಗುಚದಿದ್ದರೂ, ನೀವು ಹೊರಟ ದಡಕ್ಕೆ ನಿಮ್ಮನ್ನು ಮರಳಿ ಮುಟ್ಟಿಸುವುದಿಲ್ಲ.

ಕಯಾಕ್ ಉದ್ದವಾಗಿರುವುದರಿಂದ ಹಿಡಿದ ದಿಕ್ಕನ್ನು ಬಿಡುವುದಿಲ್ಲ. ಅದರ ಒಡಲು ಮುಚ್ಚಿದ ಟೊಳ್ಳು. ಮೇಲೆ ಬಿದ್ದ ನೀರು ತಳದವರೆಗಿನ ತೂತುಗಳಿಂದ ಇಳಿದುಹೋಗುತ್ತದೆ. ಅದೂ ಮಗುಚುತ್ತದೆ, ಆದರೆ ಮತ್ತೆ ತಿರುಗಿಸಿ ಹತ್ತಬಹುದು. ಆ ಹತ್ತುವಿಕೆಯನ್ನು ಎದೆಮಟ್ಟದ ನೀರಿನಲ್ಲಿ, ಲೈಫ್ ಜಾಕೆಟ್ ತೊಟ್ಟುಕೊಂಡೇ, ಕೊಂಡ ಮೊದಲ ದಿನವೇ ಕಲಿಯಿರಿ. ಯಾವುದರಲ್ಲಿ ಹೋದರೂ ಜಾಕೆಟ್ ಮೈಮೇಲಿರಬೇಕು, ಕಾಲ ಬಳಿಯಲ್ಲಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಹರಿಗೋಲು ದುಂಡಗೇಕೆ ಎಂಬುದನ್ನು ಯಾರೂ ಕೇಳದಿದ್ದರೂ ಹೇಳಲೇಬೇಕು. ಉದ್ದ ಹಲಗೆಗಳ ಹಂಗಿಲ್ಲದೆ, ಸೀಳಿದ ಬಿದಿರನ್ನು ಬುಟ್ಟಿಯಂತೆ ಹೆಣೆದು ಹೊರಗೆ ತೊಗಲು ಹೊದಿಸಿದರೆ ದೋಣಿ ಸಿದ್ಧವಾಗುತ್ತಿತ್ತು. ಅಷ್ಟೇ ಸುತ್ತಳತೆಯಲ್ಲಿ ಅತಿ ಹೆಚ್ಚು ಜಾಗ ಕೊಡುವ ಆಕಾರವೂ ವೃತ್ತವೇ. ಬಂಡೆಗಳ ನಡುವಿನ ಆಳವಿಲ್ಲದ ನೀರಿನಲ್ಲೂ ಅದು ತೇಲುತ್ತದೆ, ಯಾವ ಪಕ್ಕದಿಂದ ಬೇಕಾದರೂ ಬಲೆ ಎತ್ತಬಹುದು, ಕೆಲಸ ಮುಗಿದರೆ ಒಬ್ಬನೇ ಬೆನ್ನ ಮೇಲೆ ಹೊತ್ತೊಯ್ಯಬಹುದು. ಹೊಳೆ ದಾಟಲು ಇದಕ್ಕಿಂತ ಜಾಣ ಸಾಧನವನ್ನು ನಾನು ಕಂಡಿಲ್ಲ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಈ ತೊಗಲು ಹೊದಿಸಿದ ಬುಟ್ಟಿದೋಣಿಗಳನ್ನು ಕಂಡು, ಅವು ನೇರವಾಗಿ ಹೋಗದೆ ಸುತ್ತುತ್ತಲೇ ಇರುತ್ತವೆಂದು ಬರೆದಿಟ್ಟಿದ್ದಾನೆ. ಹುಟ್ಟನ್ನು ಪಕ್ಕದಲ್ಲಿ ಹಾಕಿದರೆ ಇಂದಿಗೂ ಸುತ್ತುತ್ತವೆ. ಪಳಗಿದ ಅಂಬಿಗ ಹುಟ್ಟನ್ನು ಹೋಗಬೇಕಾದ ದಿಕ್ಕಿಗೇ ಮುಂದೆ ಚಾಚಿ, ಎಡಕ್ಕೂ ಬಲಕ್ಕೂ ಹಾವಿನಂತೆ ಆಡಿಸುತ್ತ ನೀರನ್ನು ತನ್ನತ್ತ ಎಳೆದುಕೊಳ್ಳುತ್ತಾನೆ. ಆಗ ಹರಿಗೋಲು ನೆಟ್ಟಗೆ ಸಾಗುತ್ತದೆ.