ಹಿಮೋಗ್ಲೋಬಿನ್ ಸರಿಯಿದ್ದರೂ ಹೃದಯಕ್ಕೆ ಕಬ್ಬಿಣ ಸಾಲದಿರಬಹುದು

"ಮೆಟ್ಟಿಲು ಹತ್ತಿದರ ತೇಕು ಬರ್ತದ್ರಿ, ಎದಿ ಡವಡವ ಅಂತದ" ಎಂದು ಹೇಳಿಕೊಂಡು ಕಲಬುರಗಿಯ ಆಸ್ಪತ್ರೆಗಳಿಗೆ ಬರುವ ಹೆಣ್ಣುಮಕ್ಕಳಿಗೆ ಸಾಮಾನ್ಯವಾಗಿ ಮೊದಲು ಮಾಡಿಸುವುದು ಹಿಮೋಗ್ಲೋಬಿನ್ ಪರೀಕ್ಷೆ. ಅದು ಆಗಲೇಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಆಮ್ಲಜನಕ ಹೊರುವ ಶಕ್ತಿ ರಕ್ತದಲ್ಲಿ ಕುಗ್ಗಿದಾಗ ಹೃದಯ ಹೆಚ್ಚು ವೇಗವಾಗಿ ಬಡಿದು, ನಿಮಿಷಕ್ಕೆ ಹೆಚ್ಚು ರಕ್ತ ಹರಿಸಿ ಆ ಕೊರತೆಯನ್ನು ತುಂಬಿಕೊಡುತ್ತದೆ; ತೀವ್ರ ರಕ್ತಹೀನತೆ ಬಹುಕಾಲ ಉಳಿದರೆ ಹೃದಯ ಹಿಗ್ಗಿ, ಕೊನೆಗೆ ಹೃದಯ ವೈಫಲ್ಯಕ್ಕೂ (ದೇಹಕ್ಕೆ ಬೇಕಾದಷ್ಟು ರಕ್ತವನ್ನು ಹೃದಯ ಹರಿಸಲಾರದ ಸ್ಥಿತಿ) ದಾರಿಯಾಗಬಹುದು.

ಆದರೆ ಹಿಮೋಗ್ಲೋಬಿನ್ ಸರಿಯಿದೆ ಎಂದಮಾತ್ರಕ್ಕೆ ದೇಹದಲ್ಲಿ ಕಬ್ಬಿಣ ಸಾಕಷ್ಟಿದೆ ಎಂದು ತಿಳಿಯುವಂತಿಲ್ಲ. ವಯಸ್ಕರ ದೇಹದಲ್ಲಿರುವ ಸುಮಾರು 3-4 ಗ್ರಾಂ ಕಬ್ಬಿಣದಲ್ಲಿ ಮೂರನೇ ಎರಡರಷ್ಟು ಹಿಮೋಗ್ಲೋಬಿನ್‌ನಲ್ಲಿಯೇ ಇರುತ್ತದೆ. ಉಳಿದುದರಲ್ಲಿ ಬಹುಪಾಲು ಯಕೃತ್ತು ಮುಂತಾದೆಡೆ ಫೆರಿಟಿನ್ ರೂಪದಲ್ಲಿ ದಾಸ್ತಾನಾಗಿರುತ್ತದೆ. ನಮ್ಮ ಕಡೆ ಹಿಂದೆ ಜೋಳ ತುಂಬಿಡುತ್ತಿದ್ದ ಹಗೇವು ಬರಿದಾಗುತ್ತ ಬಂದರೂ, ಮನೆಯ ಡಬ್ಬಿಯಲ್ಲಿ ಹಿಟ್ಟಿರುವವರೆಗೆ ರೊಟ್ಟಿ ಬಡಿಯುವುದು ನಿಲ್ಲುತ್ತಿರಲಿಲ್ಲ; ಹಾಗೆಯೇ ದಾಸ್ತಾನು ಕರಗಿದ ಮೇಲೂ ಕೆಲಕಾಲ ಹಿಮೋಗ್ಲೋಬಿನ್ ಅಂಕಿ ಸರಿಯಾಗಿಯೇ ಕಾಣುತ್ತದೆ. ದೀರ್ಘಕಾಲದ ಉರಿಯೂತವಿರುವವರಲ್ಲಿ ಇನ್ನೊಂದು ತೊಡಕಿದೆ. ಯಕೃತ್ತು ಸ್ರವಿಸುವ ಹೆಪ್ಸಿಡಿನ್ ಎಂಬ ಹಾರ್ಮೋನು ಹೆಚ್ಚಾಗಿ, ಕರುಳಿನಿಂದ ಕಬ್ಬಿಣ ರಕ್ತಕ್ಕೆ ಸೇರುವುದನ್ನೂ ದಾಸ್ತಾನಿನಿಂದ ಅದು ಹೊರಬರುವುದನ್ನೂ ತಡೆಯುತ್ತದೆ.

ಇದರ ಪೆಟ್ಟು ಹೃದಯದ ಸ್ನಾಯುವಿಗೆ ನೇರವಾಗಿ ಬೀಳುತ್ತದೆ. ಹಗಲಿರುಳು ದುಡಿಯುವ ಆ ಸ್ನಾಯುವಿನ ಜೀವಕೋಶಗಳಲ್ಲಿ ಮೈಟೋಕಾಂಡ್ರಿಯಾಗಳು ಕಿಕ್ಕಿರಿದಿರುತ್ತವೆ, ಮತ್ತು ಅಲ್ಲಿ ಶಕ್ತಿ ಉತ್ಪಾದಿಸುವ ಅನೇಕ ಪ್ರೋಟೀನುಗಳು ಕಬ್ಬಿಣವಿಲ್ಲದೆ ಕೆಲಸ ಮಾಡಲಾರವು. ಹೃದಯ ವೈಫಲ್ಯದ ರೋಗಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಕಬ್ಬಿಣದ ಕೊರತೆ ಇರುತ್ತದೆ. 2009ರಲ್ಲಿ ಪ್ರಕಟವಾದ ಫೇರ್-ಎಚ್‌ಎಫ್ ಎಂಬ ಅಧ್ಯಯನದಲ್ಲಿ ಇಂಥ 459 ರೋಗಿಗಳಲ್ಲಿ ಕೆಲವರಿಗೆ ಕಬ್ಬಿಣವನ್ನು ರಕ್ತನಾಳದ ಮೂಲಕ ಕೊಟ್ಟಾಗ ಅವರ ನಡೆಯುವ ಶಕ್ತಿಯೂ ಒಟ್ಟಾರೆ ಆರೋಗ್ಯವೂ ಸುಧಾರಿಸಿದವು. ರಕ್ತಹೀನತೆ ಇಲ್ಲದವರಿಗೂ ಅಷ್ಟೇ ಲಾಭವಾಯಿತು ಎಂಬುದು ನನ್ನ ದೃಷ್ಟಿಯಲ್ಲಿ ಆ ಅಧ್ಯಯನದ ಅತಿ ಮುಖ್ಯ ಸಂಗತಿ. ಆದರೆ 2017ರ ಇನ್ನೊಂದು ಅಧ್ಯಯನದಲ್ಲಿ ಬಾಯಿಯ ಮೂಲಕ ಕೊಟ್ಟ ಕಬ್ಬಿಣದಿಂದ ಇಂಥ ರೋಗಿಗಳ ವ್ಯಾಯಾಮ ಸಾಮರ್ಥ್ಯ ಹೆಚ್ಚಲಿಲ್ಲ. ಹೀಗಾಗಿ ಹೃದಯ ವೈಫಲ್ಯವಿರುವವರು ಫೆರಿಟಿನ್ ಮತ್ತು ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ (ರಕ್ತದಲ್ಲಿ ಕಬ್ಬಿಣ ಹೊರುವ ಪ್ರೋಟೀನು ಎಷ್ಟರಮಟ್ಟಿಗೆ ತುಂಬಿದೆ ಎಂಬ ಅಳತೆ) ಪರೀಕ್ಷೆಗಳ ಬಗ್ಗೆ ತಮ್ಮ ವೈದ್ಯರನ್ನು ಕೇಳಲೇಬೇಕು. ಉರಿಯೂತದಲ್ಲಿ ಫೆರಿಟಿನ್ ಏರುವುದರಿಂದ ಅವರಲ್ಲಿ ಅದು ಮಿಲಿಲೀಟರ್‌ಗೆ 100 ನ್ಯಾನೊಗ್ರಾಂಗಿಂತ ಕಡಿಮೆಯಿದ್ದರೂ ಕೊರತೆಯೆಂದೇ ಎಣಿಸುವ ರೂಢಿಯಿದೆ. ಪ್ರಯೋಗಾಲಯದ ಚೀಟಿಯಲ್ಲಿ ಅದೇ ಅಂಕಿ "ನಾರ್ಮಲ್" ಎಂದಿರಬಹುದು.

ಹೃದ್ರೋಗವಿಲ್ಲದವರ ಮಟ್ಟಿಗೆ ಊಟವೂ ಮುಖ್ಯ. ಜೋಳದಲ್ಲಿಯೂ ತೊಗರಿಯಲ್ಲಿಯೂ ಕಬ್ಬಿಣವಿದೆಯಾದರೂ, ಅವುಗಳಲ್ಲಿನ ಫೈಟೇಟ್ ಎಂಬ ಅಂಶ ಅದರ ಬಹುಭಾಗ ರಕ್ತಕ್ಕೆ ಸೇರದಂತೆ ಹಿಡಿದಿಡುತ್ತದೆ. ರೊಟ್ಟಿ ಉಂಡ ಕೂಡಲೇ ಕುಡಿಯುವ ಚಹಾ ಇದನ್ನು ಇನ್ನೂ ಕುಗ್ಗಿಸುತ್ತದೆ. ಮಡಕಿ ಕಾಳನ್ನು ಮೊಳಕೆ ಬರಿಸಿ ಪಲ್ಯ ಮಾಡುವುದು, ಊಟದ ಜೊತೆ ನಿಂಬೆಹಣ್ಣು ಹಿಂಡಿಕೊಳ್ಳುವುದು, ಚಹಾವನ್ನು ಒಂದೆರಡು ತಾಸು ಮುಂದೂಡುವುದು ಯಾವ ಮನೆಯಲ್ಲಾದರೂ ಆಗುವ ಕೆಲಸ. ಕಬ್ಬಿಣದ ಕೊರತೆಯಿಂದ ಈಗಾಗಲೇ ರಕ್ತಹೀನತೆ ಇರುವವರಿಗೆ ಇಷ್ಟೇ ಸಾಲದು. ಆಶಾ ಕಾರ್ಯಕರ್ತೆಯರು ಕೊಡುವ ಕಬ್ಬಿಣದ ಮಾತ್ರೆ ಅವರಿಗೆ ಬೇಕೇ ಬೇಕು.

ಹಾಗೆಂದು ಕಬ್ಬಿಣ ಹೆಚ್ಚಾದಷ್ಟೂ ಒಳಿತಲ್ಲ. ಹೆಚ್ಚುವರಿ ಕಬ್ಬಿಣವನ್ನು ಹೊರಹಾಕುವ ವ್ಯವಸ್ಥೆ ನಮ್ಮ ದೇಹದಲ್ಲಿಲ್ಲ. ತಲಸ್ಸೇಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆ ತೀವ್ರವಾಗಿರುವ ಮಕ್ಕಳಿಗೆ ಪದೇಪದೇ ರಕ್ತ ಕೊಡಬೇಕಾಗುತ್ತದೆ. ಪ್ರತಿ ಯೂನಿಟ್ ರಕ್ತದೊಂದಿಗೆ 200 ಮಿಲಿಗ್ರಾಂ ಅಥವಾ ತುಸು ಹೆಚ್ಚು ಕಬ್ಬಿಣ ಒಳಸೇರಿ, ಕಾಲಕ್ರಮೇಣ ಹೃದಯದಲ್ಲಿ ಶೇಖರವಾಗಿ, ಅದರ ಲಯವನ್ನೂ ಸಂಕೋಚನ ಶಕ್ತಿಯನ್ನೂ ಕೆಡಿಸುತ್ತದೆ. ಅದನ್ನು ಹೊರತೆಗೆಯಲು ಡೆಫೆರಾಸಿರಾಕ್ಸ್‌ನಂಥ ಔಷಧಗಳನ್ನು ಬಿಡದೆ ತೆಗೆದುಕೊಳ್ಳಬೇಕಾಗುತ್ತದೆ. ಹೃದಯದಲ್ಲಿ ಎಷ್ಟು ಕಬ್ಬಿಣ ಕೂಡಿದೆ ಎಂಬುದನ್ನು ಎಂಆರ್‌ಐ ಮೂಲಕ ಅಳೆಯಬಹುದು. ರಕ್ತದ ಫೆರಿಟಿನ್ ಅಂಕಿಯೊಂದರಿಂದಲೇ ಅದು ನಿಖರವಾಗಿ ತಿಳಿಯುವುದಿಲ್ಲ.